ಮೊಳಕೈ ನೋವು: ತಿಕ್ಕಬೇಡಿ, ಬಿಗಿದು ಕಟ್ಟಬೇಡಿ

ಮಾನ್ವಿ ತಾಲ್ಲೂಕಿನ ಕುರ್ಡಿಯಂತಹ ಊರುಗಳಲ್ಲಿ ಹತ್ತಿ ಬಿಡಿಸುವ, ಕೊಡ ಎತ್ತುವ ತಾಯಂದಿರಿಗೆ ಮೊಳಕೈಯ ಹೊರಬದಿಯ ಎಲುಬಿನ ಮೇಲೆ ನೋವು ಬರುವುದುಂಟು. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುವ ಸ್ನಾಯುಗಳು ಅಂಟಿಕೊಂಡಿರುವ ಜಾಗವದು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಅಲ್ಲಿನ ಸ್ನಾಯುರಜ್ಜು ಸವೆಯುತ್ತದೆ. ಇದೇ ‘ಟೆನಿಸ್ ಎಲ್ಬೋ’. ರಾಕೆಟ್ ಮುಟ್ಟದವರಿಗೂ ಬರುತ್ತದೆ. 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಕಾಡಿದ್ದೂ ಇದೇ. ಕೈಗೆ ಕೆಲಸ ತಗ್ಗಿಸಿ, ವೈದ್ಯರು ಹೇಳಿದ ವ್ಯಾಯಾಮ ಮಾಡಿದರೆ ಹೆಚ್ಚಿನವರಿಗೆ ಗುಣವಾಗುತ್ತದೆ. ಆದರೆ ತಿಂಗಳುಗಳೇ ಹಿಡಿಯಬಹುದು.

ಮಕ್ಕಳ ಮಾತೇ ಬೇರೆ. ಮರದಿಂದಲೋ ಸೈಕಲ್ಲಿನಿಂದಲೋ ಬೀಳುವ ಮಗು ಕೈಯೂರಿದಾಗ ಮೊಳಕೈಗಿಂತ ತುಸು ಮೇಲೆ ಎಲುಬು ಮುರಿಯಬಹುದು. ಮುಂಗೈಗೆ ಹೋಗುವ ಮುಖ್ಯ ರಕ್ತನಾಳ ಅದರ ಮುಂದೆಯೇ ಹಾದುಹೋಗುತ್ತದೆ. ‘ಉಳುಕಿರಬೇಕು’ ಎಂದು ಎಣ್ಣೆ ಹಚ್ಚಿ ತಿಕ್ಕಿದರೆ ಮುರಿದ ತುದಿ ನಾಳಕ್ಕೆ, ನರಕ್ಕೆ ಚುಚ್ಚೀತು. ದಬ್ಬೆ ಇಟ್ಟು ಬಿಗಿದು ಕಟ್ಟಿದರೆ ರಕ್ತ ಓಡಾಡದೆ ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಬೆರಳುಗಳು ಮಡಚಿಕೊಂಡು ಹಾಗೆಯೇ ಉಳಿಯುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ವಿವರಿಸಿದ್ದರು. ಮಗು ಪೆನ್ನು ಹಿಡಿಯಬೇಕಾದ ಕೈ ಅದು.

ಬಿದ್ದ ಮೇಲೆ ಮೊಳಕೈ ಊದಿದ್ದರೆ ಎಳೆಯಬೇಡಿ, ನೀವಬೇಡಿ. ಇದ್ದಂತೆಯೇ ಬಟ್ಟೆಯ ಜೋಳಿಗೆಯಲ್ಲಿ ಇರಿಸಿ, ಮಾನ್ವಿ ಇಲ್ಲವೇ ರಾಯಚೂರಿನ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿ. ಪ್ಲಾಸ್ಟರ್ ಹಾಕಿದ ಮೇಲೂ ಬೆರಳು ತಣ್ಣಗಾದರೆ, ಬಿಳಚಿದರೆ, ಜೋಮು ಹಿಡಿದರೆ, ಬೆರಳು ನೀಡಿದಾಗ ಮಗು ಚೀರಿದರೆ ಬೆಳಗಾಗಲೆಂದು ಕಾಯಬೇಡಿ, ರಾತ್ರಿಯೇ ಹೊರಡಿ.