ಕಣ್ಣ ಮುಂದೆ ಮತ್ತೊಮ್ಮೆ ಇಳಿದ ತೆರೆ

ಶಸ್ತ್ರಚಿಕಿತ್ಸೆ ಒಮ್ಮೆ ಆಯಿತೆಂದರೆ ರೋಗ ಮುಗಿಯಿತೆಂದು ನಂಬುವುದು ನಮ್ಮೆಲ್ಲರ ಸ್ವಭಾವ. ಆ ನಂಬಿಕೆ ಎಲ್ಲೆಡೆಯೂ ಸಲ್ಲದೆಂಬುದನ್ನು ಉದಕಮಂಡಲದಲ್ಲಿ ನೆಲೆಸಿರುವ ನಮ್ಮ ದೊಡ್ಡಪ್ಪನವರ ಬಲಗಣ್ಣು ನಮಗೆ ಕಲಿಸಿತು. ವಾಚಕರ ಮನೆಗಳಿಗೂ ಉಪಯೋಗವಾದೀತೆಂದು ಆ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಅವರಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಎರಡು ವರ್ಷಗಳು ಕಳೆದಿದ್ದವು. ಒಂದು ಸಂಜೆ ಕಣ್ಣಂಚಿನಲ್ಲಿ ಮಿಂಚು ಹೊಳೆದಂತಾಯಿತು. ಮಸಿ ಸಿಡಿದಂತೆ ಕಪ್ಪು ಚುಕ್ಕೆಗಳು ತೇಲಿದವು. ಮರುದಿನ ಒಂದು ಮಗ್ಗುಲಿನಿಂದ ತೆರೆ ಎಳೆದಂತೆ ಕತ್ತಲೆ ಕವಿಯಿತು. ನೋವು ಎಳ್ಳಷ್ಟೂ ಇರಲಿಲ್ಲ. ಅಕ್ಷಿಪಟಲ ಕಳಚಿದೆ ಎಂದು ಕೊಯಮತ್ತೂರಿನ ವೈದ್ಯರು ಹೇಳಿದರು.

ಅಕ್ಷಿಪಟಲವೆಂದರೆ ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡು ಬೆಳಕನ್ನು ಗ್ರಹಿಸುವ ತೆಳುಪದರ. ಅದರಲ್ಲಿ ಹರುಕು ಉಂಟಾದರೆ ಒಳಗಿನ ದ್ರವ ಅಲ್ಲಿಂದ ನುಸುಳಿ, ತೇವಕ್ಕೆ ಗೋಡೆಯ ಸುಣ್ಣ ಎದ್ದುಬರುವಂತೆ ಅದನ್ನು ಎಬ್ಬಿಸುತ್ತದೆ. ಹರುಕೇ ಮೂಲ, ಅದನ್ನು ಮುಚ್ಚಿದರೆ ಪಟಲ ಅಂಟೀತು ಎಂದು 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಜೂಲ್ ಗೊನಿನ್ ತೋರಿಸಿಕೊಡುವವರೆಗೆ ಈ ರೋಗಕ್ಕೆ ಮದ್ದಿಲ್ಲವೆಂದೇ ಭಾವಿಸಲಾಗಿತ್ತು.

ದೊಡ್ಡಪ್ಪನವರ ಹರುಕನ್ನು ಲೇಸರಿನಿಂದ ಬೆಸೆದು, ಕಣ್ಣಿನೊಳಗೆ ಅನಿಲದ ಗುಳ್ಳೆಯನ್ನು ತುಂಬಿದರು. ಅದು ಪಟಲವನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಗುಳ್ಳೆ ಕರಗುವವರೆಗೆ ಬೆಟ್ಟ ಹತ್ತಬಾರದು, ವಿಮಾನ ಏರಬಾರದು ಎಂಬುದು ವೈದ್ಯರ ಕಟ್ಟಪ್ಪಣೆ. ಹಬ್ಬಕ್ಕೆ ಮನೆ ಸೇರಬೇಕೆಂದಿದ್ದ ದೊಡ್ಡಮ್ಮನವರಿಗೆ ಇದು ಅತಿಯೆನಿಸಿತು. ಆದರೆ ಏಳು ಸಾವಿರ ಅಡಿಗಳಿಗೂ ಮೇಲಿರುವ ಊರಿಗೆ ಘಾಟಿ ಏರುವಾಗ ಹೊರಗಿನ ವಾಯುವಿನ ಒತ್ತಡ ತಗ್ಗಿ, ಒಳಗಿನ ಗುಳ್ಳೆ ಹಿಗ್ಗಿ, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ನೀಲಗಿರಿ, ವೈನಾಡುಗಳ ನಮ್ಮವರು ಇದನ್ನು ಮರೆಯಲಾಗದು. ಹಬ್ಬ ಆ ವರ್ಷ ಕೊಯಮತ್ತೂರಿನ ನೆಂಟರ ಮನೆಯಲ್ಲಿಯೇ ನಡೆಯಿತು.

ಗುಳ್ಳೆ ಕರಗಿತು, ದೃಷ್ಟಿ ಮರಳಿತು, ಅವರು ಊರು ಸೇರಿದರು. ಆರನೆಯ ವಾರದಲ್ಲಿ ಮೇಲಿನಿಂದ ಮತ್ತೆ ನೆರಳು ಇಳಿಯತೊಡಗಿತು. ಮಕ್ಕಳಿಗೆ ಇನ್ನೊಮ್ಮೆ ಖರ್ಚಿನ ಹೊರೆಯೇಕೆ ಎಂದು ದೊಡ್ಡಪ್ಪನವರು ಹತ್ತು ದಿನ ಬಾಯಿ ಬಿಡಲಿಲ್ಲ. ಒಲೆಯ ಮೇಲಿನಿಂದ ಇಳಿಸಿದ ಪಾತ್ರೆಯನ್ನು ಅವರು ತಡವಿ ಹುಡುಕಿದ್ದನ್ನು ಕಂಡ ಮೇಲೆಯೇ ದೊಡ್ಡಮ್ಮನವರಿಗೆ ವಿಷಯ ತಿಳಿದದ್ದು.

ಮೊದಲ ಚಿಕಿತ್ಸೆ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಫಲಿಸುತ್ತದೆ. ಉಳಿದವರಲ್ಲಿ ಕೆಲವರಿಗೆ ಹೊಸ ಹರುಕು ಬಿದ್ದಿರುತ್ತದೆ. ಹಲವರಿಗೆ ಗಾಯ ಮಾಯುವ ಕ್ರಿಯೆಯೇ ಮಿತಿಮೀರಿ, ಪಟಲದ ಮೇಲೆ ಕಲೆಯ ಪೊರೆ ಬೆಳೆದು, ಒಣಗುವ ಹಸಿಚರ್ಮದಂತೆ ಕುಗ್ಗಿ, ಪಟಲವನ್ನು ಸೆಳೆದು ಕಳಚುತ್ತದೆ. ಇದು ಸಾಮಾನ್ಯವಾಗಿ ಮೊದಲ ಎರಡು ಮೂರು ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ರೋಗಿಯ ತಪ್ಪಿಲ್ಲದೆಯೂ, ವೈದ್ಯರ ತಪ್ಪಿಲ್ಲದೆಯೂ ಹೀಗಾಗಬಹುದು.

ಎರಡನೆಯ ಬಾರಿ ಕಣ್ಣಿನೊಳಗಿನ ಲೋಳೆಯಲ್ಲಿ ಉಳಿದುದನ್ನು ತೆಗೆದು, ಕಲೆಯ ಪೊರೆಯನ್ನು ಎಳೆಎಳೆಯಾಗಿ ಸುಲಿದು, ಮತ್ತೆ ಲೇಸರ್ ಹಾಕಿ, ಸಿಲಿಕೋನ್ ಎಣ್ಣೆ ತುಂಬಿದರು. ಲೋಳೆ ತೆಗೆಯುವ ಈ ವಿಧಾನವನ್ನು ಬಳಕೆಗೆ ತಂದವರು 1970ರ ದಶಕದ ಆರಂಭದಲ್ಲಿ ಅಮೆರಿಕದ ಮಯಾಮಿಯಲ್ಲಿದ್ದ ವೈದ್ಯ ರಾಬರ್ಟ್ ಮಾಕೆಮರ್. ಎಣ್ಣೆ ಅನಿಲದಂತೆ ಹಿಗ್ಗದು. ಆದುದರಿಂದ ಈ ಸಲ ವೈದ್ಯರೇ ಘಾಟಿ ಏರಲು ಅನುಮತಿ ಕೊಟ್ಟರು. ಆದರೆ ಎಣ್ಣೆ ತಾನಾಗಿ ಕರಗುವುದೂ ಇಲ್ಲ. ಬಹುಕಾಲ ಉಳಿದರೆ ಕಣ್ಣಿನ ಒತ್ತಡ ಏರಬಹುದು. ನಾಲ್ಕು ತಿಂಗಳ ಬಳಿಕ ಅದನ್ನು ತೆಗೆಸಲಾಯಿತು.

ಪಟಲ ಅಂಟಿ ನಿಂತಿದೆ. ದೊಡ್ಡಪ್ಪನವರು ಆ ಕಣ್ಣಿನಿಂದ ದಾರಿ ಕಾಣಬಲ್ಲರು, ಮೊಮ್ಮಕ್ಕಳ ಮುಖ ಗುರುತಿಸಬಲ್ಲರು, ಸಣ್ಣಕ್ಷರ ಓದಲಾರರು. ಪಟಲ ಅಂಟುವುದು ಬೇರೆ, ದೃಷ್ಟಿ ಮರಳುವುದು ಬೇರೆ. ಆ ಹತ್ತು ದಿನಗಳ ಮೌನ ಎಷ್ಟನ್ನು ಕಸಿಯಿತೆಂದು ಅಳೆದು ಹೇಳಬಲ್ಲವರು ಯಾರೂ ಇಲ್ಲ. ಅವರು ಮಾತ್ರ ಅದನ್ನು ಮರೆತಿಲ್ಲ.

ಇನ್ನೊಂದು ಮಾತು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿತ್ತು, ದಾದಿಯರ ವಿವರಣೆ ತಮಿಳಿನಲ್ಲಿತ್ತು, ಆರೈಕೆ ಮಾಡುವ ದೊಡ್ಡಮ್ಮನವರಿಗೆ ತಿಳಿದದ್ದು ಕನ್ನಡ. ಯಾವ ಹನಿಯನ್ನು ಎಷ್ಟು ಹೊತ್ತಿಗೆ ಹಾಕಬೇಕು, ತಲೆ ಹೇಗೆ ಬಾಗಿಸಿರಬೇಕು, ಎಷ್ಟು ದಿನ, ಯಾವ ಲಕ್ಷಣ ಕಂಡರೆ ಓಡಿಬರಬೇಕು ಎಂಬುದನ್ನು ಎರಡನೆಯ ಬಾರಿ ಅವರ ಮಗಳು ಕೇಳಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಗಡಿಯಾಚೆಯ ನಮ್ಮ ಮನೆಗಳಲ್ಲಿ ಇದು ಔಷಧದಷ್ಟೇ ಅಗತ್ಯ.

ಮಿಂಚು, ಚುಕ್ಕೆ, ನೆರಳು ಕಂಡರೆ, ಅದು ಮೊದಲ ಬಾರಿಯಾಗಲಿ ಮೂರನೆಯ ಬಾರಿಯಾಗಲಿ, ಅಂದೇ ವೈದ್ಯರನ್ನು ಕಾಣಿರಿ. ಇನ್ನೊಂದು ಕಣ್ಣನ್ನೂ ಪರೀಕ್ಷಿಸಲು ಕೇಳಿರಿ. ಹಿರಿಯರು ಮಕ್ಕಳ ಹಣ ಉಳಿಸಲೆಂದು ಕಣ್ಣು ಕಳೆದುಕೊಳ್ಳುವುದು ಬೇಡ. ಮಕ್ಕಳು ಕೂಡ ಅವರು ಹೇಳಲೆಂದು ಕಾಯದೆ ದಿನಕ್ಕೊಮ್ಮೆಯಾದರೂ ಕೇಳಲಿ: ಹೇಗೆ ಕಾಣುತ್ತಿದೆ?