ಸೋಲುವ ಗುರುಗಳು, ಮಾರುವ ಬೆಲ್ಟುಗಳು

ಪೇಟೆಯ ಗೋಡೆಗಳ ಮೇಲೆ ಕರಾಟೆ ತರಗತಿಯ ಬ್ಯಾನರುಗಳನ್ನು ನೀವೂ ನೋಡಿರುತ್ತೀರಿ. ಸಾವಿರಾರು ವರ್ಷಗಳ ಪುರಾತನ ಜಪಾನಿ ವಿದ್ಯೆಯಂತೆ, ಎರಡೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟಂತೆ! ಅಪ್ಪ ಅಮ್ಮಂದಿರಿಗೂ ಅದೇ ಬೇಕು. "ಮಗೂಗೆ ಹಳದಿ ಬೆಲ್ಟು ಯಾವಾಗ ಸಿಗುತ್ತೆ ಸಾರ್?" ಎಂದು ಕೇಳುತ್ತಾರೆ. ಮಗು ಏನು ಕಲಿತಿತು ಎಂದು ಕೇಳುವವರು ಕಡಿಮೆ.

ಮೇಷ್ಟ್ರುಗಳಾದ ನಾವು ಇದನ್ನು ಸುಮ್ಮನೆ ನೋಡಿಕೊಂಡಿರಬಾರದು. ಏಕೆಂದರೆ ಆ ಒಂದು ಬ್ಯಾನರಿನಲ್ಲಿ ಎರಡು ಸುಳ್ಳುಗಳಿವೆ.

ಒಂದು: ಕರಾಟೆ ಮೂಲತಃ ಒಕಿನಾವಾ ದ್ವೀಪದ್ದು. ಅದು ಟೋಕಿಯೋದವರ ಕಣ್ಣಿಗೆ ಬಿದ್ದದ್ದು 1922ರಲ್ಲಿ, ಫುನಾಕೋಶಿ ಗಿಚಿನ್ ಎಂಬುವರು ಅಲ್ಲಿಗೆ ಹೋಗಿ ಪ್ರದರ್ಶಿಸಿದಾಗ. ಅವರು ಶಾಲಾ ಮೇಷ್ಟ್ರಾಗಿದ್ದವರು, ನಮ್ಮ ಜಾತಿಯವರೇ ಅನ್ನಿ! ಎರಡು: ಕಪ್ಪು ಬೆಲ್ಟಿಗೂ ಹಳೆಯ ಸಮುರಾಯಿಗಳಿಗೂ ಸಂಬಂಧವೇ ಇಲ್ಲ. 1882ರಲ್ಲಿ ಟೋಕಿಯೋದ ಒಂದು ದೇವಾಲಯದ ಕೋಣೆಯಲ್ಲಿ, ಬೆರಳೆಣಿಕೆಯ ಶಿಷ್ಯರೊಂದಿಗೆ ಜೂಡೋ ಶುರು ಮಾಡಿದ ಕಾನೋ ಜಿಗೋರೋ ಅವರು ಗೋ ಎಂಬ ಮಣೆಯಾಟದಲ್ಲಿದ್ದ 'ದಾನ್' ದರ್ಜೆಗಳನ್ನು ತಮ್ಮ ವಿದ್ಯೆಗೆ ತಂದರು. ಮೊದಲ ದಾನ್ ಕೊಟ್ಟದ್ದು 1883ರಲ್ಲಿ. ಬೆಲ್ಟು ಅದರ ಹಿಂದೆ ಬಂತು. ಹಳದಿ, ಕಿತ್ತಳೆ, ಹಸಿರು ಬಣ್ಣಗಳಂತೂ 20ನೇ ಶತಮಾನದಲ್ಲಿ ಯುರೋಪಿನ ಜೂಡೋ ತರಗತಿಗಳಲ್ಲಿ ಬಳಕೆಗೆ ಬಂದವು.

ಕಾನೋ ಅವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಅವರೂ ಮೇಷ್ಟ್ರೇ. ಟೋಕಿಯೋದ ಶಿಕ್ಷಕರ ತರಬೇತಿ ಸಂಸ್ಥೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮುಖ್ಯಸ್ಥರಾಗಿದ್ದವರು. ಸಾವಿರಾರು ಹುಡುಗರಿಗೆ ಕಲಿಸಬೇಕಾದರೆ ಮೆಟ್ಟಿಲು ಬೇಕು, ಮೆಟ್ಟಿಲಿಗೆ ಗುರುತು ಬೇಕು. ಅದು ನ್ಯಾಯವೇ. ಆದರೆ ಗುರುತನ್ನೇ ವಿದ್ಯೆ ಎಂದು ಮಾರುವುದು ಯಾವ ನ್ಯಾಯ ಸ್ವಾಮಿ?

ಹಾಗಾದರೆ ಜಪಾನಿನ ನಿಜವಾದ ಹಳೆಯ ಶಾಲೆ ಹೇಗಿರುತ್ತದೆ?

1868ರ ಮೇಜಿ ಬದಲಾವಣೆಗೆ ಮುಂಚೆ ಹುಟ್ಟಿದ ಯುದ್ಧವಿದ್ಯೆಯ ಪರಂಪರೆಗಳನ್ನು ಅಲ್ಲಿ 'ಕೊರ್ಯು' ಅನ್ನುತ್ತಾರೆ, ಎಂದರೆ ಹಳೆಯ ಹರಿವು. ಚೀಬಾ ಪ್ರಾಂತ್ಯದ ಕತೋರಿ ದೇಗುಲದ ಆಸರೆಯಲ್ಲಿ ಬೆಳೆದ ಕತೋರಿ ಶಿಂತೋ ರ್ಯು ಅವುಗಳಲ್ಲೊಂದು. 15ನೇ ಶತಮಾನದಲ್ಲಿ ಈಜಾಸಾ ಚೋಯ್‌ಸಾಯ್ ಸ್ಥಾಪಿಸಿದ್ದು. 1960ರಲ್ಲಿ ಆ ಪ್ರಾಂತ್ಯ ಇದನ್ನು ತನ್ನ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಇದನ್ನು ಜೀವನವಿಡೀ ಕಲಿಸಿದ ಓತಾಕೆ ರಿಸುಕೆ ಅವರು ತೀರಿಕೊಂಡದ್ದು 2021ರಲ್ಲಿ. ಇನ್ನು ಗುನ್ಮಾ ಪ್ರಾಂತ್ಯದ ಮನಿವಾ ಎಂಬ ಹಳ್ಳಿಯ ನೆನ್ ರ್ಯು ನೋಡಿ. ಹಿಗುಚಿ ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಆ ಕತ್ತಿಶಾಲೆಯಲ್ಲಿ ರೈತರೂ ಕಲಿತರು.

ಇಂಥ ಚಿಕ್ಕ ಶಾಲೆಯ ದಿನಚರಿಯಲ್ಲಿ ಸಿನಿಮಾದ ಅಬ್ಬರ ಏನೂ ಇಲ್ಲ. ವಾರಕ್ಕೆ ಒಂದೆರಡು ಸಂಜೆ ನಾಲ್ಕೋ ಹತ್ತೋ ಜನ ಸೇರುತ್ತಾರೆ. ಆಫೀಸಿನವರು, ರೈತರು, ನಿವೃತ್ತರು. ಕಲಿಸುವವರಿಗೂ ಹೊಟ್ಟೆಪಾಡಿಗೆ ಸಾಮಾನ್ಯವಾಗಿ ಬೇರೆ ಕೆಲಸ ಇರುತ್ತದೆ. ಚಪ್ಪಲಿ ಕಳಚಿ ಒಳಗೆ ಬಂದು ಮೊದಲು ನೆಲ ಗುಡಿಸುವುದು, ಒರೆಸುವುದು. ನಮ್ಮ ಗರಡಿಮನೆ ಕಂಡವರಿಗೆ ಇದು ಹೊಸದಲ್ಲ. ಆಮೇಲೆ ದೇವರ ಗೂಡಿಗೆ ನಮಸ್ಕಾರ, ಗುರುವಿಗೆ ನಮಸ್ಕಾರ, ಒಬ್ಬರಿಗೊಬ್ಬರು ನಮಸ್ಕಾರ. ಬೆಲ್ಟಿನ ಬಣ್ಣ ನೋಡಿ ಸಾಲು ನಿಲ್ಲಿಸುವ ಪದ್ಧತಿ ಇಲ್ಲ. ಕತೋರಿಯಲ್ಲಿ ಸೇರುವಾಗ ಬೆರಳು ಚುಚ್ಚಿ ರಕ್ತದ ಗುರುತು ಹಾಕಿ ಪ್ರಮಾಣ ಮಾಡುತ್ತಾರೆ: ವಿದ್ಯೆಯನ್ನು ಹೊರಗೆ ಹರಡುವುದಿಲ್ಲ, ಜಗಳಕ್ಕೆ ಬಳಸುವುದಿಲ್ಲ, ಜೂಜಾಡುವುದಿಲ್ಲ ಎಂದು. ವರ್ಷಗಳು ಕಳೆದ ಮೇಲೆ, ಗುರುವಿಗೆ ಸರಿ ಅನ್ನಿಸಿದರೆ, ಒಂದು ಸುರುಳಿ ಕೈಗೆ ಬರುತ್ತದೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮೆರೆಯಲು ಬರುವುದಿಲ್ಲ!

ಅಂದಹಾಗೆ, ಈ ಜಾಗಕ್ಕೆ 'ದೋಜೋ' ಎನ್ನುತ್ತಾರಲ್ಲ, ಅದು ಬೌದ್ಧರಿಂದ ಬಂದ ಮಾತು. ಸಂಸ್ಕೃತದ 'ಬೋಧಿಮಂಡ', ಎಂದರೆ ಬುದ್ಧನಿಗೆ ಜ್ಞಾನೋದಯವಾದ ಸ್ಥಳ, ಚೀನಾಕ್ಕೆ ಹೋಗಿ ಅನುವಾದಗೊಂಡು ಜಪಾನಿಗೆ ಮುಟ್ಟಿತು. ನಮ್ಮಿಂದ ಹೋದ ಮಾತನ್ನು ಅವರು ನೆಲ ಒರೆಸಿ ಕಾಪಾಡಿದರು, ನಾವು ಬ್ಯಾನರಿಗೆ ಹಾಕಿದೆವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಶಾಲೆಗಳಲ್ಲಿ ಪಾಠ ನಡೆಯುವುದು 'ಕತಾ' ಮೂಲಕ. ಇಬ್ಬರು ಎದುರುಬದುರು ನಿಂತು, ಮರದ ಆಯುಧ ಹಿಡಿದು, ಮೊದಲೇ ಗೊತ್ತಾದ ಕ್ರಮದಲ್ಲಿ ಹೊಡೆದು ತಡೆಯುವ ಅಭ್ಯಾಸ. ನೋಡುವವರಿಗೆ ಇದು ಕೋಲಾಟದ ಹಾಗೆ ಕಾಣಬಹುದು. ಒಳಗಿನ ಮರ್ಮ ಬೇರೆ. ಇಬ್ಬರಲ್ಲಿ ಒಬ್ಬ 'ಉಚಿದಾಚಿ', ಮೊದಲು ಏಟು ಹಾಕಿ ಕೊನೆಗೆ ಸೋಲುವವನು. ಇನ್ನೊಬ್ಬ 'ಶಿದಾಚಿ', ಗೆಲ್ಲುವವನು. ಹಿರಿಯರು ಯಾವ ಪಾತ್ರ ವಹಿಸುತ್ತಾರೆ ಹೇಳಿ ನೋಡೋಣ? ಸೋಲುವ ಪಾತ್ರ! ಶಿಷ್ಯನ ಶಕ್ತಿಗೆ ತಕ್ಕಷ್ಟೇ ಜೋರಾಗಿ ಹೊಡೆದು, ಅವನ ತಪ್ಪು ಹೆಜ್ಜೆಯನ್ನು ಅವನಿಗೇ ಕಾಣುವಂತೆ ಮಾಡಿ, ಸರಿಯಾದಾಗ ಸೋತು ತೋರಿಸುವುದು ಅವರ ಕೆಲಸ. ಒಂದೆರಡು ಸಲ ಅಲ್ಲ, ಜೀವಮಾನವಿಡೀ.

ಇದನ್ನು ಅರವತ್ತು ಜನರನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿ ಮಾಡಲಾಗುವುದಿಲ್ಲ. ಪ್ರತಿ ಶಿಷ್ಯನ ಎದುರು ಒಬ್ಬ ಹಿರಿಯ ನಿಲ್ಲಲೇಬೇಕು. ಹೀಗಾಗಿ ಶಾಲೆ ಚಿಕ್ಕದಾಗಿರುವುದು ಅದರ ಬಡತನವಲ್ಲ, ಅದು ಕಲಿಸುವ ರೀತಿಯೇ ಹಾಗೆ.

ಹಳಬರು ಬದಲಾಗಲೇ ಇಲ್ಲ ಎಂದೇನೂ ಅಲ್ಲ. 17ನೇ ಶತಮಾನದಲ್ಲಿ ಹುಟ್ಟಿದ ಶಿಂತೋ ಮುಸೋ ರ್ಯು ಎಂಬ ಪರಂಪರೆ ಇದೆ, ಸುಮಾರು 128 ಸೆಂಟಿಮೀಟರಿನ ಕೋಲಿನಿಂದ ಕತ್ತಿಯನ್ನು ಎದುರಿಸುವ ವಿದ್ಯೆ. ಅದರ ಶಿಮಿಜು ತಕಾಜಿ ಅವರು ಟೋಕಿಯೋದಲ್ಲಿ ಪೊಲೀಸರಿಗೂ ಕಲಿಸಿದರು. ಗುಂಪಿಗೆ ಕಲಿಸಲೆಂದು ಹನ್ನೆರಡು ಮೂಲಪಾಠಗಳನ್ನು ಬೇರ್ಪಡಿಸಿ ಜೋಡಿಸಿದರು. ಆದರೆ ಕತಾಗಳನ್ನು ಬಿಡಲಿಲ್ಲ. ಅಲ್ಲಿ ಇಂದಿಗೂ ಕತ್ತಿ ಹಿಡಿದು ಸೋಲುವುದು ಹಿರಿಯರ ಪಾಲು.

"ಇಂಥ ಶಾಲೆಗಳು ಸಾಯುತ್ತವೆ ಮೇಷ್ಟ್ರೇ" ಎಂದು ನೀವು ಹೇಳಬಹುದು. ನಿಜ, ಎಷ್ಟೋ ಸತ್ತಿವೆ. ಸಮುರಾಯಿಗಳ ಸಂಬಳ ನಿಂತು, 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದಕ್ಕೂ ನಿಷೇಧ ಬಂದಾಗ ಹಲವು ಪರಂಪರೆಗಳು ಮುಗಿದುಹೋದವು. ಗುರುವಿನ ಮಾತೇ ಕೊನೆ ಎಂಬ ಪದ್ಧತಿಯಲ್ಲಿ ಅಪಾಯವೂ ಇದೆ. ಒಬ್ಬ ಕೆಟ್ಟ ಗುರು, ಒಂದು ಮನೆಜಗಳ ಸಾಕು, ಶತಮಾನಗಳ ವಿದ್ಯೆ ಮಣ್ಣುಪಾಲು. ಇದನ್ನು ಒಪ್ಪುತ್ತೇವೆ. ಆದರೆ ಉಳಿದವು ಬೆಲ್ಟು ಮಾರಿ ಉಳಿಯಲಿಲ್ಲ. ವಾರ ತಪ್ಪದೆ ಬಂದು ನೆಲ ಒರೆಸಿದ ನಾಲ್ಕೈದು ಜನರಿಂದ ಉಳಿದವು.

"ಈ ಕಾಲದಲ್ಲಿ ಕತ್ತಿ ಕಲಿತು ಯಾರ ಮೇಲೆ ಯುದ್ಧ?" ಎಂದೂ ಕೇಳುತ್ತೀರಿ. ಜಪಾನಿಯಲ್ಲಿ ಯುದ್ಧನೀತಿಗೂ ಶಾಂತಿಯ ಮಾರ್ಗಕ್ಕೂ 'ಹೇಹೋ' ಎಂದು ಒಂದೇ ಉಚ್ಚಾರ, ಬರೆಯುವ ಅಕ್ಷರ ಬೇರೆ. ಎರಡೂ ಒಂದೇ ಎನ್ನುವುದು ಕತೋರಿಯವರ ಬೋಧನೆ. ಕೈಯಲ್ಲಿ ಶಕ್ತಿ ಇದ್ದೂ ಹೊಡೆಯದೆ ಇರುವುದನ್ನು ಕಲಿಯಲು ವರ್ಷಗಳು ಬೇಕು. ಅದಕ್ಕೆ ಬಣ್ಣ ಹಚ್ಚಲಾಗದು.

ನಮ್ಮ ಸರಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಾ ಅಡಿಯಲ್ಲಿ ಆತ್ಮರಕ್ಷಣೆಯ ತರಬೇತಿ ಕೊಡಿಸುವ ಯೋಜನೆ ಇದೆ. ಒಳ್ಳೆಯದೇ. ಹುಡುಗಿ ಗಟ್ಟಿಯಾಗಿ ಕೂಗಲು, ಹಿಡಿದ ಕೈ ಬಿಡಿಸಿಕೊಳ್ಳಲು ಕಲಿತರೆ ಅಷ್ಟೇ ಲಾಭ. ನಮ್ಮ ತಕರಾರು ಅದರ ಮೇಲಲ್ಲ. ಕೆಲವು ತಿಂಗಳಲ್ಲಿ ಸಿಗುವುದು ಎಷ್ಟು ಎಂದು ಪ್ರಾಮಾಣಿಕವಾಗಿ ಹೇಳಿ ಕಲಿಸಿ, ಅದಕ್ಕೆ ಸಮುರಾಯಿ ವೇಷ ಹಾಕಬೇಡಿ, ಅಷ್ಟೇ.

ಗಡಿಯಾಚೆಯ ಕನ್ನಡ ಶಾಲೆಯ ಮೇಷ್ಟ್ರುಗಳಾದ ನಮಗೆ ಜಪಾನಿನ ಉಸಾಬರಿ ಏಕೆ ಎಂದರೆ, ಮಕ್ಕಳ ಕೈಗೆ ಬೆಲ್ಟು ಕೊಡುವ ಅದೇ ಅಳತೆಗೋಲು ನಮ್ಮ ಶಾಲೆಗಳ ಮೇಲೂ ಬೀಳುತ್ತದೆ. ತರಗತಿಯಲ್ಲಿ ಎಷ್ಟು ತಲೆ, ಎಷ್ಟು ಶೇಕಡಾ ಪಾಸು, ಎಷ್ಟು ಸರ್ಟಿಫಿಕೇಟು? ಎಂಟು ಮಕ್ಕಳಿದ್ದರೆ ದಂಡದ ಶಾಲೆ, ಪಕ್ಕದ ದೊಡ್ಡದಕ್ಕೆ ಸೇರಿಸಿಬಿಡಿ ಎನ್ನುತ್ತಾರೆ. ಆ ಎಂಟು ಮಕ್ಕಳ ಎದುರು ಒಬ್ಬರು ಕೂತು, ತಪ್ಪು ಓದಿಗೆ ತಾಳ್ಮೆಯಿಂದ ಹತ್ತು ಸಲ ಸೋತು, ಹನ್ನೊಂದನೆಯ ಸಲ ಗೆಲ್ಲಿಸುವ ಪಾಠ ಯಾವ ಕಾಲಮ್ಮಿನಲ್ಲಿ ಬರೆಯುತ್ತೀರಿ?

ಮಗುವನ್ನು ಕರಾಟೆಗೆ ಸೇರಿಸಿ, ಖಂಡಿತ ಸೇರಿಸಿ. ಆದರೆ ಬೆಲ್ಟು ಯಾವಾಗ ಎಂದು ಕೇಳುವ ಬದಲು ಕಲಿಸುವವರನ್ನು ಒಂದು ಮಾತು ಕೇಳಿ: ನೀವು ನಮ್ಮ ಮಗುವಿನ ಎದುರು ನಿಂತು ಕಲಿಸುತ್ತೀರಾ, ಅಥವಾ ಸೀಟಿ ಊದುತ್ತೀರಾ? ನಮ್ಮ ಶಾಲೆಗಳಿಗೆ ಬಂದಾಗಲೂ ಇದನ್ನೇ ಕೇಳಿ. ಉತ್ತರ ಕೊಡಲು ನಾವು ಸಿದ್ಧರಿದ್ದೇವೆ.

ಏನಂತೀರಿ?