ಕಾರು ಮನೆಯದು, ಜಾಗ ಬೀದಿಯದು

ಜಯನಗರದ ಹಳೆಯ ಮನೆಗಳಲ್ಲಿ ಕಾರಿನ ಕಥೆ ಬಹುತೇಕ ಒಂದೇ. ಅಪ್ಪನ ಕಾಲದಲ್ಲಿ ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆಯುತ್ತಿದ್ದ ಅಂಬಾಸಿಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಬ್ಯಾಂಕ್ ನೌಕರರೂ ಮೇಷ್ಟ್ರುಗಳೂ ಸಾಲದ ಲೆಕ್ಕ ಹಾಕತೊಡಗಿದರು. ಆಯುಧಪೂಜೆಗೆ ಅದಕ್ಕೂ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. 2001ರಲ್ಲಿ ಬೆಂಗಳೂರಿನದೇ ವಿದ್ಯುತ್ ಕಾರು ರೇವಾ ರಸ್ತೆಗಿಳಿದಾಗ ಮಾತ್ರ ಅನೇಕರು ಅದನ್ನು ಆಟಿಕೆಯೆಂದೇ ನಕ್ಕರು. ಈಗ ನಗುವವರಿಲ್ಲ.

ಮಕ್ಕಳು ದೊಡ್ಡವರಾದಂತೆ ಮನೆಗೊಂದಿದ್ದ ಕಾರು ಎರಡಾಯಿತು, ಮೂರಾಯಿತು. ಅವರು ವಿದೇಶಕ್ಕೆ ಹೋದ ಮೇಲೂ ಕಾರು ಹೊದಿಕೆ ಹೊದ್ದು ಗೇಟಿನಾಚೆ ನಿಂತೇ ಇದೆ. ನಡುರಾತ್ರಿ ಆಸ್ಪತ್ರೆಗೆ ಓಡಬೇಕಾದ ಹಿರಿಯರಿಗೆ ಅದೊಂದು ಧೈರ್ಯ, ನಿಜ. ಆದರೆ ಬಿಟಿಎಂ ಲೇಔಟಿನ ಅಡ್ಡರಸ್ತೆಗಳಲ್ಲಿ ಆಂಬುಲೆನ್ಸ್ ನುಗ್ಗಲಾಗದಂತೆ ನಿಂತಿರುವುದೂ ಇಂಥವೇ ಕಾರುಗಳು!

ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾಗಿದೆ. ಬನಶಂಕರಿ, ಜೆ.ಪಿ. ನಗರಕ್ಕೆ ಹಸಿರು ಮಾರ್ಗ 2017ರಿಂದಲೇ ಇದೆ. ದಿನನಿತ್ಯಕ್ಕೆ ಕಾರು ಬೇಕೇಬೇಕು ಎನ್ನುವ ವಾದ ಈ ಭಾಗದಲ್ಲಿ ಸಡಿಲವಾಗಿದೆ.

ಮನೆ ಮುಂದೆ ನಿಲ್ಲಿಸುವ ಕಾರಿಗೆ ವಾರ್ಷಿಕ ಶುಲ್ಕದ ಪರವಾನಗಿ ಬೇಕೆಂದು ನಗರದ ಪಾರ್ಕಿಂಗ್ ನೀತಿ 2.0 ಹೇಳಿದ್ದು 2021ರಲ್ಲಿ. ಸಾರ್ವಜನಿಕ ಜಾಗವನ್ನು ಬಳಸುವವರು ಬಾಡಿಗೆ ಕೊಡಲಿ. ಅದನ್ನು ಜಯನಗರದಿಂದಲೇ ಆರಂಭಿಸಲಿ.